ಬಯಲುಸೀಮೆಯಿಂದ ಹಿಮದ ಬೆಟ್ಟಕ್ಕೆ: ಚಳಿಗಾಲದ ಚಾರಣಕ್ಕೆ ಸಿದ್ಧರಾಗುವ ಬಗೆ

ದೀಪಾವಳಿ ಮುಗಿದು ಕಾರ್ತಿಕದ ಚಳಿ ಶುರುವಾಗುವ ಹೊತ್ತಿಗೆ ದಾವಣಗೆರೆ, ಚಿತ್ರದುರ್ಗಗಳ ಕಾಲೇಜು ಹುಡುಗ ಹುಡುಗಿಯರ ಮಾತಿನಲ್ಲಿ, ಕಚೇರಿ ನೌಕರರ ಮಾತಿನಲ್ಲಿ, ಇತ್ತೀಚೆಗೆ ಐವತ್ತು ದಾಟಿದವರ ಮಾತಿನಲ್ಲೂ ಕೇದಾರಕಂಠ, ಬ್ರಹ್ಮತಾಲ್, ದಯಾರಾ ಬುಗ್ಯಾಲ್ ಎಂಬ ಹೆಸರುಗಳು ಕೇಳಿಬರುತ್ತವೆ. ಉತ್ತರಾಖಂಡದ ಈ ಬೆಟ್ಟಗಳು ಚಳಿಗಾಲದಲ್ಲಿ ಹಿಮ ಹೊದ್ದಿರುತ್ತವೆ. ಪರ್ವತಾರೋಹಣದ ತರಬೇತಿ ಇಲ್ಲದವರೂ ಒಳ್ಳೆಯ ಮಾರ್ಗದರ್ಶಕರ ಜೊತೆ ಹತ್ತಿ ಬರಬಹುದಾದಷ್ಟು ಸಲೀಸಾದ ದಾರಿಗಳೂ ಅಲ್ಲಿವೆ. ಹೋಗಬೇಕೆಂದುಕೊಂಡವರು ಮೊದಲು ಕೇಳುವುದು, ಅಲ್ಲಿ ಎಷ್ಟು ಡಿಗ್ರಿ ಚಳಿ ಇರುತ್ತದೆ ಎಂದು. ಪ್ರಶ್ನೆ ಸಹಜವೇ, ಆದರೆ ಅದರ ಉತ್ತರದಿಂದ ತಯಾರಿಗೆ ಅಷ್ಟೇನೂ ಪ್ರಯೋಜನವಾಗುವುದಿಲ್ಲ. ಹಿಮದ ಬೆಟ್ಟದಲ್ಲಿ ಮನುಷ್ಯನ ದೇಹವನ್ನು ಚಳಿ, ಗಾಳಿ, ಒದ್ದೆ, ಎತ್ತರ ಎಂಬ ನಾಲ್ಕು ಬೇರೆ ಬೇರೆ ಸಂಗತಿಗಳು ಕಾಡುತ್ತವೆ. ಮೊದಲ ಮೂರಕ್ಕೆ ಊರಿನಲ್ಲಿದ್ದುಕೊಂಡೇ ಬಹುಮಟ್ಟಿಗೆ ಸಿದ್ಧರಾಗಬಹುದು. ನಾಲ್ಕನೆಯದಕ್ಕೆ ನಮ್ಮ ಬಯಲುಸೀಮೆಯಲ್ಲಿ ಮಾಡಿಕೊಳ್ಳಬಹುದಾದ ತಯಾರಿ ಯಾವುದೂ ಇಲ್ಲ, ಮತ್ತು ಹೆಚ್ಚಿನವರು ಎಡವುವುದು ಇದನ್ನು ತಿಳಿಯದೆ.

ಚಳಿಯ ಲೆಕ್ಕ ಸರಳವಾದದ್ದು. ಸರಾಸರಿಯಾಗಿ ಪ್ರತಿ 1000 ಮೀಟರ್ ಮೇಲೇರಿದಂತೆ ಉಷ್ಣಾಂಶ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಚಿತ್ರದುರ್ಗ ನಗರ ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಎತ್ತರದಲ್ಲಿದೆ, ಕೇದಾರಕಂಠದ ತುದಿ ಸುಮಾರು 3,800 ಮೀಟರ್. ಎತ್ತರದ ಕಾರಣದಿಂದಲೇ 20 ಡಿಗ್ರಿಯ ವ್ಯತ್ಯಾಸ ಬಂತು. ಅದರ ಮೇಲೆ ನಾವು ಅಷ್ಟು ಉತ್ತರಕ್ಕೆ ಹೋಗಿರುತ್ತೇವೆ. ಹಾಗಾಗಿ ಕೋಟೆಯೂರಿನಲ್ಲಿ ಬೆಳಗಿನ ಜಾವ 15 ಡಿಗ್ರಿಗೆ ನಡುಗುವ ಹೊತ್ತಿನಲ್ಲಿ ಅಲ್ಲಿನ ಮೇಲಿನ ಬಿಡಾರಗಳಲ್ಲಿ ರಾತ್ರಿಯ ಉಷ್ಣಾಂಶ ಸೊನ್ನೆಗಿಂತ 5ರಿಂದ 10 ಡಿಗ್ರಿ ಕೆಳಗಿರುವುದು ಸಾಮಾನ್ಯ. ಕೇಳಿದರೆ ಭಯವಾಗುತ್ತದೆ, ಆದರೆ ಗಾಳಿಯಿಲ್ಲದ ರಾತ್ರಿಯಲ್ಲಿ, ಒಣಬಟ್ಟೆ ತೊಟ್ಟು, ಹೊಟ್ಟೆ ತುಂಬ ಉಂಡು, ಆ ಚಳಿಗೆ ತಕ್ಕ ಸ್ಲೀಪಿಂಗ್ ಬ್ಯಾಗಿನೊಳಗೆ ಮಲಗಿದವರಿಗೆ ಈ ಚಳಿ ಅಪಾಯವನ್ನೇನೂ ಮಾಡುವುದಿಲ್ಲ. ನಿದ್ದೆ ಸರಿಯಾಗಿ ಬರಲಿಕ್ಕಿಲ್ಲ, ಅಷ್ಟೇ.

ಗಾಳಿ ಬೀಸತೊಡಗಿದರೆ ಲೆಕ್ಕ ಬದಲಾಗುತ್ತದೆ. ನಮ್ಮ ಚರ್ಮದ ಸುತ್ತ ದೇಹವೇ ಬಿಸಿ ಮಾಡಿಕೊಂಡ ಗಾಳಿಯ ತೆಳುಪದರವೊಂದು ಸದಾ ಇರುತ್ತದೆ. ಬೀಸುಗಾಳಿ ಅದನ್ನು ಮತ್ತೆ ಮತ್ತೆ ಹೊತ್ತೊಯ್ಯುವುದರಿಂದ ದೇಹ ಮತ್ತೆ ಮತ್ತೆ ಹೊಸದಾಗಿ ಬಿಸಿ ಮಾಡಬೇಕಾಗುತ್ತದೆ. ಸೊನ್ನೆಗಿಂತ 10 ಡಿಗ್ರಿ ಕೆಳಗಿರುವಾಗ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಷ್ಟೇ ಕಠಿಣವಾಗುತ್ತದೆ. ಚಿತ್ರದುರ್ಗದ ಗುಡ್ಡಗಳ ಸಾಲಿನ ಮೇಲೆ ಗಾಳಿಯಂತ್ರಗಳು ನಿಂತಿರುವುದನ್ನು ಹೆದ್ದಾರಿಯಲ್ಲಿ ಹೋಗುವ ಎಲ್ಲರೂ ನೋಡಿದ್ದಾರೆ. ಆಷಾಢದ ಗಾಳಿಯಲ್ಲಿ, ಜಿಟಿಜಿಟಿ ಮಳೆಯ ನಡುವೆ ಅಂಥದೊಂದು ಗುಡ್ಡದ ನೆತ್ತಿಯಲ್ಲಿ ಅರ್ಧ ಗಂಟೆ ನಿಂತವರಿಗೆ ಗಾಳಿ ತಡೆಯುವ ಹೊರ ಅಂಗಿ ಏಕೆ ಬೇಕೆಂದು ಬೇರೆ ಯಾರೂ ಹೇಳಬೇಕಾಗಿಲ್ಲ. ಹೊಸದಾಗಿ ಕೊಂಡ ಜಾಕೆಟ್ಟನ್ನು ಪರೀಕ್ಷಿಸಲು ನಮ್ಮ ಜಿಲ್ಲೆಯಲ್ಲಿ ಡಿಸೆಂಬರಿಗಿಂತ ಜುಲೈ ತಿಂಗಳೇ ಲೇಸು.

ಮೂರನೆಯದು ಒದ್ದೆ; ನನ್ನ ಎಣಿಕೆಯಲ್ಲಿ ಹೊಸಬರು ಅತಿ ಕಡಿಮೆ ಗಮನ ಕೊಡುವುದು ಇದಕ್ಕೇ. ನೀರು ಗಾಳಿಗಿಂತ ಸುಮಾರು 25 ಪಟ್ಟು ಹೆಚ್ಚು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ, ಆದ್ದರಿಂದ ಮೈಗಂಟಿದ ಒದ್ದೆ ಬಟ್ಟೆ ದೇಹದ ಬಿಸಿಯನ್ನು ಹೊರಗೆ ಎಳೆಯುತ್ತಲೇ ಇರುತ್ತದೆ. ಒದ್ದೆ ಎಂದರೆ ಮಳೆ, ಹಿಮ ಮಾತ್ರವಲ್ಲ; ಹಿಮದ ಮೇಲೆ ಏರುವಾಗ ಬರುವ ಬೆವರೇ ಅದರ ಮುಖ್ಯ ಮೂಲ. ಬಟ್ಟೆಯ ಆಯ್ಕೆಯಲ್ಲಿ ನಮ್ಮ ಭಾಗದ ಎರಡು ಕಸುಬುಗಳೇ ಪಾಠ ಹೇಳುತ್ತವೆ. ಹತ್ತಿ ಗಿರಣಿಗಳಿಂದಾಗಿ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯ ಹತ್ತಿಬಟ್ಟೆ ಬಿಸಿಲಿಗೆ ಹೇಳಿ ಮಾಡಿಸಿದ್ದು, ಏಕೆಂದರೆ ಅದು ಬೆವರನ್ನು ಹೀರಿಕೊಂಡು ನಿಧಾನವಾಗಿ ಆರುತ್ತ ಮೈಯನ್ನು ತಂಪಾಗಿಡುತ್ತದೆ. ಹಿಮದಲ್ಲಿ ಅದೇ ಗುಣ ಶತ್ರುವಾಗುತ್ತದೆ. ಬನಿಯನ್ನು, ಜೀನ್ಸ್, ಹತ್ತಿಯ ಟೀಶರ್ಟು, ಹತ್ತಿಯ ಕಾಲುಚೀಲಗಳನ್ನು ನಡಿಗೆಯ ದಿನಗಳಲ್ಲಿ ತೊಡಲೇಬಾರದು. ಚಳ್ಳಕೆರೆ ಕಡೆಯ ಕುರಿಗಾಹಿಗಳು ಮಳೆಯಲ್ಲಿ ಕಂಬಳಿಯ ಕೊಪ್ಪೆ ಹಾಕಿಕೊಂಡು ದಿನವಿಡೀ ನಿಲ್ಲಬಲ್ಲರು, ಏಕೆಂದರೆ ಉಣ್ಣೆಯ ಎಳೆ ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಒಳಗೆಳೆದುಕೊಂಡೂ ಮುಟ್ಟಿದರೆ ಒದ್ದೆ ಎನ್ನಿಸುವುದಿಲ್ಲ, ಎಳೆಗಳ ನಡುವಿನ ಗಾಳಿಯನ್ನು ಬಿಟ್ಟುಕೊಡುವುದೂ ಇಲ್ಲ. ಅಂಗಡಿಯಲ್ಲಿ ದುಬಾರಿ ಬೆಲೆಗೆ ಸಿಗುವ ಮೆರಿನೋ ಎಂಬ ನಯವಾದ ಉಣ್ಣೆಯ ಥರ್ಮಲ್‌ಗಳೂ (ಬೆಚ್ಚನೆಯ ಒಳ ಉಡುಪುಗಳು) ಇದೇ ಗುಣಕ್ಕಾಗಿ ಮಾರಾಟವಾಗುತ್ತವೆ. ಅಷ್ಟು ಖರ್ಚು ಮಾಡಲಾಗದವರಿಗೆ ಬೇಗ ಆರುವ ಪಾಲಿಯೆಸ್ಟರ್ ಥರ್ಮಲ್ ಸಾಕು. ಅಜ್ಜನ ಕಂಬಳಿಯನ್ನೇ ಹೊತ್ತೊಯ್ಯಲು ತೂಕದ ತೊಂದರೆಯಿದೆ, ಇಲ್ಲದಿದ್ದರೆ ಅದಕ್ಕೆ ಹೆಸರಿಡುವ ಹಾಗಿಲ್ಲ.

ಬಟ್ಟೆಗಳನ್ನು ಪದರ ಪದರವಾಗಿ ತೊಡಬೇಕು ಎಂಬ ಮಾತನ್ನು ಎಲ್ಲರೂ ಕೇಳಿರುತ್ತಾರೆ, ಕಾರಣವನ್ನು ಕೇಳಿರುವವರು ಕಡಿಮೆ. ಮೈಗೆ ತಾಗುವ ಮೊದಲ ಪದರದ ಕೆಲಸ ಬೆವರನ್ನು ಹೊರಗೆ ಸಾಗಿಸುವುದು, ನಡುವಿನ ಫ್ಲೀಸ್ ಅಥವಾ ಉಣ್ಣೆಯ ಕೆಲಸ ಬಿಸಿಗಾಳಿಯನ್ನು ಹಿಡಿದಿಡುವುದು, ಹೊರಗಿನ ಪದರದ ಕೆಲಸ ಗಾಳಿಯನ್ನೂ ಹಿಮವನ್ನೂ ತಡೆಯುವುದು. ಮೂರು ಕೆಲಸಗಳನ್ನು ಬೇರ್ಪಡಿಸಿದ್ದರ ಲಾಭವೆಂದರೆ, ಏರುವಾಗ ನಡುವಿನದನ್ನು ತೆಗೆದು ಚೀಲಕ್ಕೆ ಹಾಕಬಹುದು, ನಿಂತ ಕೂಡಲೇ ಹಾಕಿಕೊಳ್ಳಬಹುದು. ಒಂದೇ ದಪ್ಪ ಜಾಕೆಟ್ ತೊಟ್ಟು ಹೊರಟವರಿಗೆ ಈ ಅವಕಾಶವಿಲ್ಲ. ಅವರು ಅರ್ಧ ಗಂಟೆಯಲ್ಲಿ ಬೆವರಿ, ವಿಶ್ರಾಂತಿಗೆ ಕೂತ ಐದು ನಿಮಿಷದಲ್ಲಿ ನಡುಗತೊಡಗುತ್ತಾರೆ. ಅನುಭವಿ ಮಾರ್ಗದರ್ಶಕರು ಬೆಳಗ್ಗೆ ಹೊರಡುವಾಗಲೇ ಒಂದು ಪದರ ಕಡಿಮೆ ಮಾಡಿಸುತ್ತಾರೆ. ಹೊರಡುವಾಗ ತುಸು ಚಳಿ ಎನ್ನಿಸುತ್ತಿದ್ದರೆ ಬಟ್ಟೆ ಸರಿಯಾಗಿದೆ ಎಂದರ್ಥ. ಬಿಡಾರ ತಲುಪಿದ ತಕ್ಷಣ, ಟೀ ಕುಡಿಯುವುದಕ್ಕೂ ಫೋಟೋ ತೆಗೆಯುವುದಕ್ಕೂ ಮೊದಲು, ಒಳ ಅಂಗಿ ಮತ್ತು ಕಾಲುಚೀಲ ಬದಲಿಸಬೇಕು. ಮಲಗುವಾಗ ತೊಡಲು ಒಂದು ಜೊತೆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು, ಏನೇ ಆದರೂ ಹಗಲಿನಲ್ಲಿ ಅದನ್ನು ಮುಟ್ಟದಿರುವುದು ಒಳ್ಳೆಯದು.

ಚಳಿ, ಗಾಳಿ, ಒದ್ದೆ ಮೂರೂ ಸೇರಿದಾಗ ಆಗುವುದು ದೇಹದ ಒಳಗಿನ ಉಷ್ಣತೆಯ ಕುಸಿತ, ವೈದ್ಯರ ಮಾತಿನಲ್ಲಿ ಹೈಪೋಥರ್ಮಿಯಾ. ಇದಕ್ಕೆ ಚಳಿಗಾಲವೇ ಆಗಬೇಕೆಂದಿಲ್ಲ. 2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲ್ ದಾರಿಯಲ್ಲಿ ಹವಾಮಾನ ಕೆಟ್ಟು, ಕರ್ನಾಟಕದಿಂದ ಹೋಗಿದ್ದ ಚಾರಣ ತಂಡದ 9 ಮಂದಿ ಪ್ರಾಣ ಕಳೆದುಕೊಂಡದ್ದು ನಮ್ಮ ರಾಜ್ಯದ ಚಾರಣಿಗರು ಮರೆಯಬಾರದ ಘಟನೆ. ಜೂನ್ ಎಂದರೆ ಅಲ್ಲಿ ಬೇಸಿಗೆ. ಆದರೂ ಎತ್ತರದ ಬಯಲಿನಲ್ಲಿ ಹಿಮಗಾಳಿಗೆ ಸಿಕ್ಕ ಮೇಲೆ ತಿಂಗಳ ಹೆಸರು ಯಾರನ್ನೂ ಕಾಪಾಡುವುದಿಲ್ಲ. ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದಾಗ ಶುರುವಾಗುವ ಈ ಸ್ಥಿತಿಯನ್ನು ಅನುಭವಿಸುವವರಿಗಿಂತ ಜೊತೆಯಲ್ಲಿರುವವರೇ ಬೇಗ ಗುರುತಿಸಬಲ್ಲರು. ಮಾತು ತೊದಲುವುದು, ಹೆಜ್ಜೆ ತಪ್ಪುವುದು, ಕೈಗವಸು ಬಿದ್ದರೂ ಎತ್ತಿಕೊಳ್ಳದಷ್ಟು ಉದಾಸೀನ, ವಿನಾಕಾರಣ ಸಿಡುಕು ಇವೆಲ್ಲ ಅದರ ಲಕ್ಷಣಗಳು. ಜೋರಾಗಿ ನಡುಗುತ್ತಿದ್ದವರು ಬೆಚ್ಚಗಾಗದೆಯೇ ನಡುಗುವುದನ್ನು ನಿಲ್ಲಿಸಿದರೆ ಅದು ಸುಧಾರಣೆಯ ಚಿಹ್ನೆಯಲ್ಲ, ದೇಹ ಸೋತಿದೆ ಎಂಬುದರ ಸೂಚನೆ. ಗಾಳಿಯಿಂದ ಮರೆಮಾಡಿ, ಒದ್ದೆ ಬಟ್ಟೆ ಬಿಚ್ಚಿ ಒಣಗಿದ್ದು ತೊಡಿಸಿ, ನೆಲದಿಂದಲೂ ಚಳಿ ತಾಗದಂತೆ ಚಾಪೆ ಹಾಸಿ, ಪ್ರಜ್ಞೆ ಸರಿಯಿದ್ದರೆ ಸಿಹಿಯಾದ ಬಿಸಿ ಪಾನೀಯ ಕುಡಿಸಬೇಕು. ಮದ್ಯವಂತೂ ಕೂಡದು, ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬಿಸಿಯಾದ ಭ್ರಮೆ ಹುಟ್ಟಿಸುತ್ತದೆಯೇ ಹೊರತು ಒಳಗಿನ ಶಾಖವನ್ನು ಹೊರಗೆ ಕಳೆಯುತ್ತದೆ. ಕೈಬೆರಳು, ಕಾಲ್ಬೆರಳು, ಮೂಗಿನ ತುದಿ ಮರಗಟ್ಟಿ ಬಿಳಿಚಿಕೊಂಡಿದ್ದರೆ ಅದನ್ನು ತಿಕ್ಕಬಾರದು, ಬೆಂಕಿಗೂ ಹಿಡಿಯಬಾರದು. ಮೈಯ ಬಿಸಿಗೆ ತಾಗಿಸಿಟ್ಟು ಬೇಗ ವೈದ್ಯರ ಬಳಿ ತಲುಪಿಸಬೇಕು.

ಇನ್ನು ಎತ್ತರ. 3,800 ಮೀಟರಿನಲ್ಲಿಯೂ ಗಾಳಿಯಲ್ಲಿರುವ ಆಮ್ಲಜನಕದ ಪಾಲು ಇಲ್ಲಿನಂತೆಯೇ ಶೇಕಡ 21. ಕಡಿಮೆಯಾಗುವುದು ಗಾಳಿಯ ಒತ್ತಡ. ಅಲ್ಲಿ ಅದು ಸಮುದ್ರಮಟ್ಟದ ಒತ್ತಡದ ಶೇಕಡ 63ರ ಆಸುಪಾಸಿನಲ್ಲಿರುತ್ತದೆ. ಪ್ರತಿ ಉಸಿರಿಗೂ ರಕ್ತಕ್ಕೆ ಸೇರುವ ಆಮ್ಲಜನಕ ಅಷ್ಟರ ಮಟ್ಟಿಗೆ ತಗ್ಗುತ್ತದೆ. ದೇಹ ಇದಕ್ಕೆ ಹೊಂದಿಕೊಳ್ಳಬಲ್ಲದು: ಉಸಿರಾಟ ಹೆಚ್ಚುತ್ತದೆ, ಮೂತ್ರಪಿಂಡಗಳು ರಕ್ತದ ಕ್ಷಾರಗುಣವನ್ನು ಸರಿದೂಗಿಸುತ್ತವೆ, ವಾರಗಳಲ್ಲಿ ಕೆಂಪು ರಕ್ತಕಣಗಳು ಹೆಚ್ಚುತ್ತವೆ. ಆದರೆ ಈ ಹೊಂದಾಣಿಕೆಗೆ ದಿನಗಳು ಬೇಕು ಮತ್ತು ಆ ದಿನಗಳನ್ನು ಎತ್ತರದಲ್ಲಿಯೇ ಕಳೆಯಬೇಕು. ದಿನಾಲೂ ಹತ್ತು ಕಿಲೋಮೀಟರ್ ಓಡುವವರಿಗೂ, ಜಿಮ್ಮಿನಲ್ಲಿ ಬೆವರಿಳಿಸಿದವರಿಗೂ ಇಲ್ಲಿ ರಿಯಾಯಿತಿ ಇಲ್ಲ. ವಾಸ್ತವದಲ್ಲಿ ಗಟ್ಟಿಮುಟ್ಟಾದ ಯುವಕರೇ ಹೆಚ್ಚು ಜಾಗರೂಕರಾಗಿರಬೇಕು, ಏಕೆಂದರೆ ಕಾಲಿನಲ್ಲಿ ಶಕ್ತಿಯಿರುವವರು ದೇಹ ಹೊಂದಿಕೊಳ್ಳುವುದಕ್ಕಿಂತ ಬೇಗ ಮೇಲೇರಿಬಿಡುತ್ತಾರೆ.

ಪರ್ವತ ವೈದ್ಯಕೀಯದಲ್ಲಿ ಒಪ್ಪಿತವಾದ ನಿಯಮವೊಂದಿದೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲೇ ತಂಗಬೇಕು. ಹಗಲಿನಲ್ಲಿ ಎಷ್ಟು ಎತ್ತರ ಮುಟ್ಟಿದಿರಿ ಎಂಬುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಎಂಬುದು ಮುಖ್ಯ. ಕೇದಾರಕಂಠ ಹೊಸಬರಿಗೆ ಹೊಂದುವುದಕ್ಕೆ ಇದೇ ಕಾರಣ: ಚಾರಣ ಶುರುವಾಗುವ ಸಾಂಕ್ರಿ ಹಳ್ಳಿ 1,950 ಮೀಟರಿನ ಆಸುಪಾಸಿನಲ್ಲಿದೆ, ಮೊದಲ ಬಿಡಾರ 2,800 ಮೀಟರಿನ ಒಳಗೆ, ಕೊನೆಯದು 3,400 ಮೀಟರಿನ ಸುಮಾರಿನಲ್ಲಿ, ನಸುಕಿನಲ್ಲಿ ತುದಿ ಮುಟ್ಟಿ ಅದೇ ದಿನ ಕೆಳಗಿಳಿಯಲಾಗುತ್ತದೆ. ತಲೆನೋವು, ಅದರ ಜೊತೆಗೆ ವಾಕರಿಕೆ, ಹಸಿವಿಲ್ಲದಿರುವುದು, ವಿಪರೀತ ಆಯಾಸ ಕಾಣಿಸಿದರೆ ಅದನ್ನು ಎತ್ತರದ ಕಾಯಿಲೆ ಎಂದೇ ಭಾವಿಸಿ ಮೇಲೇರುವುದನ್ನು ನಿಲ್ಲಿಸಬೇಕು. ಕಡಿಮೆಯಾಗದಿದ್ದರೆ ಇಳಿಯಬೇಕು. ನೇರ ಗೆರೆಯ ಮೇಲೆ ನಡೆಯಲಾರದಷ್ಟು ತೂರಾಟ, ಗೊಂದಲದ ಮಾತು ಮಿದುಳಿನಲ್ಲಿ ಬಾವು ಬಂದದ್ದರ ಗುರುತು. ಕೂತಿದ್ದರೂ ಏದುಸಿರು, ನೊರೆ ಕಫದ ಕೆಮ್ಮು ಶ್ವಾಸಕೋಶದಲ್ಲಿ ನೀರು ತುಂಬಿದ್ದರ ಗುರುತು. ಇವೆರಡರಲ್ಲೂ ರಾತ್ರಿ ಬೆಳಗಾಗಲಿ ಎಂದು ಕಾಯದೆ ಕೆಳಗಿಳಿಸಬೇಕು. ಡಯಮಾಕ್ಸ್ ಎಂಬ ಮಾತ್ರೆ ಹೊಂದಾಣಿಕೆಗೆ ನೆರವಾಗುವುದು ನಿಜ, ಆದರೆ ಸಲ್ಫಾ ಔಷಧಿಗಳು ಒಗ್ಗದವರು ಮತ್ತು ಮೂತ್ರಪಿಂಡದ ತೊಂದರೆ ಇರುವವರು ಇರುತ್ತಾರಾದ್ದರಿಂದ ಗೆಳೆಯರ ಮಾತಿನ ಮೇಲೆ ನುಂಗದೆ ವೈದ್ಯರನ್ನು ಕೇಳಬೇಕು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಆಸ್ತಮಾ ಇದ್ದವರು ಹಣ ಕಟ್ಟುವ ಮೊದಲೇ ಈ ಭೇಟಿ ಮುಗಿಸಬೇಕು.

ಹಿಮದ ವಿಷಯದಲ್ಲಿ ಒಂದು ಸಂಗತಿ ನಮ್ಮವರಿಗೆ ಹೊಸದು. ನಮ್ಮ ಮಳೆ ನೈಋತ್ಯದಿಂದ ಬಂದರೆ, ಹಿಮಾಲಯದ ಪಶ್ಚಿಮ ಭಾಗದ ಚಳಿಗಾಲದ ಹಿಮ ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಬರುವ ವಾಯುಕ್ಷೋಭೆಗಳಿಂದ ಬೀಳುತ್ತದೆ. ಹವಾಮಾನ ಇಲಾಖೆಯ ಮುನ್ಸೂಚನೆಗಳಲ್ಲಿ ಪಶ್ಚಿಮದ ಕ್ಷೋಭೆ ಎಂದು ಓದುವುದು ಇದನ್ನೇ. ಒಂದು ಕ್ಷೋಭೆ ಎರಡು ಮೂರು ದಿನ ಹಿಮ ಸುರಿಸಿ ಹೋಗುತ್ತದೆ, ನಂತರ ಆಕಾಶ ತಿಳಿಯಾಗುತ್ತದೆ. ಆ ತಿಳಿ ಆಕಾಶವೇ ಹೊಸಬರನ್ನು ಮೋಸಗೊಳಿಸುವುದು, ಏಕೆಂದರೆ ಹೊಸ ಹಿಮ ಬಿದ್ದ ಮರುದಿನಗಳಲ್ಲಿ ಹಿಮಕುಸಿತದ ಅಪಾಯ ಹೆಚ್ಚು. ಬೆಟ್ಟದ ಮೈಮೇಲಿನ ಹಿಮ ಒಂದೇ ರಾಶಿಯಲ್ಲ, ಬೇರೆ ಬೇರೆ ದಿನ ಬಿದ್ದ ಪದರಗಳ ಜೋಡಣೆ. ನಡುವಿನ ಪದರವೊಂದು ಒಂದಕ್ಕೊಂದು ಅಂಟದ ಸಕ್ಕರೆ ಕಾಳಿನಂತೆ ಸಡಿಲವಾಗಿದ್ದರೆ, ಅದರ ಮೇಲೆ ಗಟ್ಟಿಯಾಗಿ ಕೂತ ಹಿಮದ ಹಲಗೆ ಒಬ್ಬರ ಭಾರಕ್ಕೇ ಕಳಚಿ ಜಾರಬಲ್ಲದು. ಹೀಗೆ ಜಾರುವುದು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಅದಕ್ಕಿಂತ ಸಪಾಟಾದಲ್ಲಿ ಹಿಮ ಹಿಡಿದುಕೊಂಡಿರುತ್ತದೆ, ಅದಕ್ಕಿಂತ ಕಡಿದಾದಲ್ಲಿ ಹಿಮ ಬೀಳುಬೀಳುತ್ತಲೇ ಉದುರಿಹೋಗಿರುತ್ತದೆ. ಹೂತುಹೋದವರನ್ನು ಮೊದಲ ಹತ್ತು ಹದಿನೈದು ನಿಮಿಷಗಳಲ್ಲಿ ತೆಗೆಯದಿದ್ದರೆ ಬದುಕುಳಿಯುವ ಸಾಧ್ಯತೆ ವೇಗವಾಗಿ ಕುಸಿಯುತ್ತದೆ. ಹೊರಗಿನ ಸಹಾಯ ಅಷ್ಟರಲ್ಲಿ ಬರಲಾರದು. 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ದಂಡಾ ಶಿಖರದ ಬಳಿ ಹಿಮಕುಸಿತಕ್ಕೆ ಸಿಕ್ಕಿ 25ಕ್ಕೂ ಹೆಚ್ಚು ಮಂದಿ ಸತ್ತಾಗ ಅವರಲ್ಲಿ ಬಹುತೇಕರು ತರಬೇತಿಯಲ್ಲಿದ್ದ ಪರ್ವತಾರೋಹಿಗಳು, ಜೊತೆಗೆ ಬೋಧಕರೂ ಇದ್ದರು. ಆದ್ದರಿಂದ ಹೊಸಬರು ಆರಿಸಿಕೊಳ್ಳಬೇಕಾದದ್ದು ಕಾಡಿನ ನಡುವೆ, ದುಂಡನೆಯ ದಿಣ್ಣೆಗಳ ಮೇಲೆ ಸಾಗುವ ದಾರಿಗಳನ್ನು. ಚಂಡೀಗಢದಲ್ಲಿರುವ ರಕ್ಷಣಾ ಸಂಶೋಧನಾ ಸಂಸ್ಥೆ ಡಿಜಿಆರ್‌ಇ ಚಳಿಗಾಲದಲ್ಲಿ ಹಿಮಕುಸಿತದ ಮುನ್ಸೂಚನೆ ಹೊರಡಿಸುತ್ತದೆ. ಸಂಘಟಕರು ಅದನ್ನು ನೋಡುತ್ತಾರೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಊರಿನಲ್ಲಿ ಮಾಡಬೇಕಾದ ಅಭ್ಯಾಸಕ್ಕೆ ಬರೋಣ. ಎತ್ತರಕ್ಕೆ ತಯಾರಿ ಇಲ್ಲವೆಂದಮಾತ್ರಕ್ಕೆ ಕಾಲಿಗೂ ಎದೆಗೂ ತಯಾರಿ ಬೇಡವೆಂದಲ್ಲ. ದಣಿದ ದೇಹ ಚಳಿಗೆ ಬೇಗ ಸೋಲುತ್ತದೆ. ಹೊರಡುವುದಕ್ಕೆ ಎರಡು ಮೂರು ತಿಂಗಳು ಮೊದಲೇ ವಾರಕ್ಕೆ ನಾಲ್ಕು ದಿನ ಬಿರುಸಾದ ನಡಿಗೆ ಅಥವಾ ಓಟ, ವಾರಾಂತ್ಯಕ್ಕೊಮ್ಮೆ ಬೆನ್ನಿಗೆ ಆರೇಳು ಕಿಲೋ ಭಾರ ಹೊತ್ತು ದೀರ್ಘ ಏರುನಡಿಗೆ ಇಟ್ಟುಕೊಂಡರೆ ಸಾಕು. ಚಿತ್ರದುರ್ಗದವರಿಗೆ ಏಳು ಸುತ್ತಿನ ಕೋಟೆಯ ಮೆಟ್ಟಿಲುಗಳಿಗಿಂತ ಒಳ್ಳೆಯ ಜಾಗ ಬೇಡ. ನಗರದಿಂದ ಸುಮಾರು ಹತ್ತು ಕಿಲೋಮೀಟರ್ ದೂರದ ಜೋಗಿಮಟ್ಟಿ ವನ್ಯಜೀವಿ ಧಾಮವಾದ್ದರಿಂದ ಅಲ್ಲಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು, ಚಿರತೆ ಕರಡಿಗಳಿರುವ ಕಾಡಿನಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಓಡಾಡುವುದೂ ಸಲ್ಲದು. ದಾವಣಗೆರೆಯವರಿಗೆ ಕೊಂಡಜ್ಜಿಯ ಗುಡ್ಡ, ಕೆರೆಗಳ ಸುತ್ತಮುತ್ತ ಹತ್ತಿರದ ಜಾಗ. ಎಲ್ಲಿ ನಡೆದರೂ ಇಳಿಯುವುದನ್ನು ಏರುವಷ್ಟೇ ಶ್ರದ್ಧೆಯಿಂದ ಅಭ್ಯಾಸ ಮಾಡಬೇಕು, ಮಂಡಿ ನೋವು ಶುರುವಾಗುವುದು ಇಳಿಜಾರಿನಲ್ಲಿಯೇ. ಹೊಸ ಬೂಟನ್ನು ಮೊದಲ ಬಾರಿ ಹಿಮದಲ್ಲಿ ತೊಡದೆ ಇಲ್ಲಿಯೇ ಹಲವು ದಿನ ತೊಟ್ಟು ಪಳಗಿಸಬೇಕು. ಬಂಡೆ ಹತ್ತುವುದು ಎಂದ ಕೂಡಲೇ ದುರ್ಗದವರಿಗೆ ಬರಿಗೈಯಲ್ಲಿ ಕೋಟೆಯ ಗೋಡೆ ಏರುವ, ಕೋತಿರಾಜ್ ಎಂದೇ ಹೆಸರಾದ ಜ್ಯೋತಿರಾಜ್ ನೆನಪಾಗುವುದು ಸಹಜ; ಮೆಚ್ಚೋಣ, ಆದರೆ ಅನುಕರಿಸುವುದು ಬೇಡ. ಹಗ್ಗ ಕಟ್ಟಿ ಕ್ರಮವಾಗಿ ಕಲಿಯಬೇಕೆನ್ನುವವರಿಗೆ ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ.

ಮೊದಲ ಪ್ರವಾಸ ಯಾವುದಾಗಬೇಕು? ರಜೆ ಕಡಿಮೆಯಿದ್ದರೆ ಮಸ್ಸೂರಿಯ ಆಚೆಗಿನ 3,022 ಮೀಟರಿನ ನಾಗ್ ಟಿಬ್ಬಾ ಎರಡು ದಿನದಲ್ಲಿ ಮುಗಿಯುತ್ತದೆ, ಅಲ್ಲಿ ಹಿಮ ಸಿಗುವುದು ಆ ವರ್ಷದ ಅದೃಷ್ಟ. ವಾರ ಪೂರ್ತಿ ಬಿಡುವಿದ್ದವರು ಕೇದಾರಕಂಠ ಅಥವಾ ದಯಾರಾ ಬುಗ್ಯಾಲ್ ಆರಿಸಿಕೊಳ್ಳಬಹುದು. ಡಿಸೆಂಬರ್ ಕೊನೆಯ ವಾರದಲ್ಲಿ ಕೇದಾರಕಂಠದ ದಾರಿಯಲ್ಲಿ ಜಾತ್ರೆಯಷ್ಟು ಜನವಿರುತ್ತಾರೆ. ಹಿಮವೂ ನೆಮ್ಮದಿಯೂ ಬೇಕಾದವರಿಗೆ ಫೆಬ್ರವರಿ ಮೇಲು ಎಂಬುದು ನನ್ನ ಅಭಿಪ್ರಾಯ. ನಡೆಯುವುದಕ್ಕಿಂತ ಜಾರುವುದರಲ್ಲಿ ಆಸೆಯಿದ್ದರೆ ಔಲಿ, ಗುಲ್ಮಾರ್ಗ್, ಮನಾಲಿ ಬಳಿಯ ಸೋಲಂಗ್‌ನಲ್ಲಿ ಸ್ಕೀಯಿಂಗ್ ಕಲಿಯಬಹುದು. ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆ ಚಳಿಗಾಲದಲ್ಲಿ ಇದಕ್ಕಾಗಿಯೇ ತರಗತಿಗಳನ್ನು ನಡೆಸುತ್ತದೆ. ಇದು ಒಂದು ಸಲದ ಪ್ರವಾಸವಲ್ಲ, ಮುಂದುವರಿಸುತ್ತೇನೆ ಎನ್ನುವವರು 1954ರಲ್ಲಿ ಶುರುವಾದ ಡಾರ್ಜಿಲಿಂಗಿನ ಸಂಸ್ಥೆಯಲ್ಲೋ 1965ರಲ್ಲಿ ಶುರುವಾದ ಉತ್ತರಕಾಶಿಯ ನೆಹರೂ ಸಂಸ್ಥೆಯಲ್ಲೋ ಸುಮಾರು ನಾಲ್ಕು ವಾರದ ಮೂಲ ತರಬೇತಿ ಪಡೆಯಬೇಕು. ಹಿಮಕೊಡಲಿ, ಕ್ರ್ಯಾಂಪಾನ್ (ಗಟ್ಟಿ ಹಿಮಕ್ಕೆ ನಾಟುವಂತೆ ಬೂಟಿನಡಿ ಕಟ್ಟುವ ಉದ್ದ ಮುಳ್ಳುಗಳ ಚೌಕಟ್ಟು) ಬೇಕಾಗುವ ದಾರಿಗಳಿಗೆ ಈ ತರಬೇತಿಯಿಲ್ಲದೆ ಕಾಲಿಡಬಾರದು.

ಸಂಘಟಕರನ್ನು ಆರಿಸುವಾಗ ಬೆಲೆಯ ಪಟ್ಟಿಗಿಂತ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ: ಒಬ್ಬ ಮಾರ್ಗದರ್ಶಕರಿಗೆ ಎಷ್ಟು ಜನ, ಅವರು ಯಾವ ಸಂಸ್ಥೆಯಲ್ಲಿ ಕಲಿತವರು, ಆಮ್ಲಜನಕದ ಸಿಲಿಂಡರು ಮತ್ತು ರಕ್ತದ ಆಮ್ಲಜನಕ ಅಳೆಯುವ ಸಾಧನ ಇರುತ್ತವೆಯೇ, ಅರಣ್ಯ ಇಲಾಖೆಯ ಅನುಮತಿ ಯಾರ ಹೆಸರಿನಲ್ಲಿ, ಎಷ್ಟು ಗಂಟೆಯೊಳಗೆ ತುದಿ ಮುಟ್ಟದಿದ್ದರೆ ತಂಡವನ್ನು ಹಿಂದಿರುಗಿಸುತ್ತಾರೆ. ಕೊನೆಯ ಪ್ರಶ್ನೆಗೆ ಎಲ್ಲರನ್ನೂ ತುದಿ ಮುಟ್ಟಿಸಿಯೇ ಕರೆತರುತ್ತೇವೆ ಎಂಬ ಉತ್ತರ ಬಂದರೆ ಅವರನ್ನು ಬಿಡುವುದು ಕ್ಷೇಮ. ಡಿಸೆಂಬರಿನ ಕೊನೆಯಲ್ಲಿ ಚಿತ್ರದುರ್ಗದ ಹಗಲು ಹನ್ನೊಂದೂಕಾಲು ಗಂಟೆಯಷ್ಟಿದ್ದರೆ ಅಲ್ಲಿನದು ಹತ್ತು ಗಂಟೆಗೆ ತುಸು ಹೆಚ್ಚು. ಕಣಿವೆಯ ನೆರಳು ಅದರಲ್ಲೂ ಪಾಲು ಕೇಳುತ್ತದೆ. ಹಾಗಾಗಿ ಹಿಂತಿರುಗುವ ಗಡುವು ಅಲ್ಲಿ ಬರೀ ಶಿಸ್ತಿನ ಮಾತಲ್ಲ.

ಬೂಟಿನ ಅಡಿಗೆ ಸಿಕ್ಕಿಸುವ ಮುಳ್ಳುಸರಪಳಿ, ಬೂಟಿನೊಳಗೆ ಹಿಮ ಹೋಗದಂತೆ ಕಟ್ಟುವ ಗೇಟರ್, ಊರುಗೋಲುಗಳನ್ನು ಸಾಂಕ್ರಿಯಲ್ಲಿಯೇ ಬಾಡಿಗೆಗೆ ಪಡೆಯಬಹುದು, ಕೊಳ್ಳುವ ಅಗತ್ಯವಿಲ್ಲ. ಕೊಳ್ಳಲೇಬೇಕಾದದ್ದು ಒಳ ಉಡುಪು, ಕಾಲುಚೀಲ, ಕೈಗವಸು ಮತ್ತು ಒಳ್ಳೆಯ ಕಪ್ಪು ಕನ್ನಡಕ. ಹೊಸ ಹಿಮ ತನ್ನ ಮೇಲೆ ಬಿದ್ದ ಅತಿನೇರಳೆ ಕಿರಣಗಳ ಶೇಕಡ 80ರವರೆಗೆ ಹಿಂದಕ್ಕೆ ಎಸೆಯುವುದರಿಂದ ಬರಿಗಣ್ಣಿನಲ್ಲಿ ಅರ್ಧ ದಿನ ನಡೆದರೂ ರಾತ್ರಿ ಕಣ್ಣಿಗೆ ಮರಳು ತುಂಬಿದ ಹಾಗೆ ಉರಿಯುತ್ತದೆ. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಆದರೂ ಒಣಗಾಳಿಯಲ್ಲಿ ಉಸಿರಿನ ಮೂಲಕ ನೀರು ಹೋಗುತ್ತಲೇ ಇರುತ್ತದೆ. ದಿನಕ್ಕೆ ಮೂರು ಲೀಟರಾದರೂ ಕುಡಿಯಬೇಕು. ಕೊಳವೆಯ ನೀರಿನ ಚೀಲದಲ್ಲಿ ಕೊಳವೆಯೇ ಹೆಪ್ಪುಗಟ್ಟುತ್ತದೆ, ಅಗಲ ಬಾಯಿಯ ಬಾಟಲಿಯನ್ನು ತಲೆಕೆಳಗಾಗಿಟ್ಟರೆ ಬಾಯಿಯ ಕಡೆ ಬೇಗ ಹೆಪ್ಪುಗಟ್ಟುವುದಿಲ್ಲ. ಜೇಬಿನಲ್ಲಿ ಶೇಂಗಾ ಚಿಕ್ಕಿ, ಒಣಕೊಬ್ಬರಿ ಬೆಲ್ಲ, ಖರ್ಜೂರ ಇರಲಿ. ಮಂಡಕ್ಕಿ ನಮ್ಮ ಪ್ರೀತಿಯ ತಿಂಡಿಯಾದರೂ ಚೀಲದಲ್ಲಿ ಜಾಗ ಬಹಳ ಹಿಡಿಯುತ್ತದೆ, ಕಸುವು ಕಡಿಮೆ. ಅದು ರೈಲಿಗೆ ಸರಿ.

ರೈಲಿನ ವಿಷಯಕ್ಕೆ ಬಂದರೆ, ದಾವಣಗೆರೆಯಿಂದ ಹುಬ್ಬಳ್ಳಿ ಅಥವಾ ಬೆಂಗಳೂರಿನ ಮೂಲಕ ದೆಹಲಿ, ಅಲ್ಲಿಂದ ಡೆಹ್ರಾಡೂನ್, ಆಮೇಲೆ ಪುರೋಲಾ, ಮೋರಿ ಮಾರ್ಗವಾಗಿ ಸುಮಾರು 200 ಕಿಲೋಮೀಟರ್ ಬೆಟ್ಟದ ರಸ್ತೆಯಲ್ಲಿ ಸಾಂಕ್ರಿ ತಲುಪಲು ಇಡೀ ಹಗಲು ಬೇಕು. ದೊಡ್ಡ ಹಿಮಪಾತವಾದರೆ ಆ ರಸ್ತೆ ಒಂದೆರಡು ದಿನ ಮುಚ್ಚಬಹುದು. ವಾಪಸು ಟಿಕೆಟನ್ನು ಚಾರಣ ಮುಗಿಯುವ ಮರುದಿನಕ್ಕೇ ಕಾದಿರಿಸಿದವರು ಆ ರೈಲಿನ ಚಿಂತೆಯಲ್ಲಿ ಹವಾಮಾನ ಕೆಟ್ಟಿದ್ದರೂ ಇಳಿಯುವ ಅವಸರ ಮಾಡುತ್ತಾರೆ; ಡೆಹ್ರಾಡೂನಿನಲ್ಲಿ ಎರಡು ದಿನ ಹೆಚ್ಚುವರಿಯಾಗಿ ಇಟ್ಟುಕೊಂಡೇ ಟಿಕೆಟ್ ಮಾಡಿಸಬೇಕು, ರಜೆಯ ಅರ್ಜಿಯಲ್ಲೂ ಆ ಎರಡು ದಿನವನ್ನು ಸೇರಿಸಿಯೇ ಬರೆಯಬೇಕು.